ಎರಡು ಸ್ಟ್ರೋಕ್ ಎಂಜಿನ್‌ಗೆ ಹೆಚ್ಚಿನ ಶಕ್ತಿ: ಪೈಪಿನ ಉದ್ದದಲ್ಲಿ ಲೆಕ್ಕ, ಜೆಟ್‌ನ ರಂಧ್ರದಲ್ಲಿ ಅಪಾಯ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೊ ಗಡಿಗೆ ಅಂಟಿಕೊಂಡಂತೆ ಇಂಪೀರಿಯಲ್ ಮರಳುದಿಬ್ಬಗಳು ಹಬ್ಬಿವೆ. ಚಳಿಗಾಲದ ರಜಾದಿನಗಳಲ್ಲಿ ಅಲ್ಲಿಗೆ ಸಾವಿರಾರು ಜನ ತಮ್ಮ ನಾಲ್ಕು ಚಕ್ರದ ಎಟಿವಿಗಳನ್ನು ಟ್ರೈಲರ್ ಮೇಲೆ ಹೇರಿಕೊಂಡು ಬರುತ್ತಾರೆ. ಆ ಗದ್ದಲದ ನಡುವೆಯೂ ಕಿವಿಗೆ ಬೇರೆಯಾಗಿ ಕೇಳುವ ಸದ್ದೊಂದಿದೆ. ಅದು ಯಮಹಾ ಕಂಪನಿಯ ‘ಬ್ಯಾನ್‌ಶೀ’ಯ ಕಿರುಚಾಟ. ಐರ್ಲೆಂಡಿನ ಜಾನಪದದಲ್ಲಿ ಬ್ಯಾನ್‌ಶೀ ಎಂದರೆ ಸಾವಿನ ಮುನ್ಸೂಚನೆ ಕೊಡುತ್ತಾ ಗೋಳಿಡುವ ಹೆಣ್ಣು ಪ್ರೇತ. ಹೆಸರಿಟ್ಟವರು ಸದ್ದನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಏನೋ. ಅದರ ಎಂಜಿನ್ ಬಿಚ್ಚಿ ಶಕ್ತಿ ಹೆಚ್ಚಿಸಲು ಹೊರಟ ಅನೇಕರಿಗೆ ಮುನ್ಸೂಚನೆಯ ಭಾಗವೂ ಅನ್ವಯಿಸಿದೆ.

1987ರ ಮಾದರಿಯಾಗಿ ಅಮೆರಿಕದ ಮಾರುಕಟ್ಟೆಗೆ ಬಂದ ಬ್ಯಾನ್‌ಶೀ, ಅಲ್ಲಿ 2006ರ ಮಾದರಿಯವರೆಗೆ ಹೆಚ್ಚಿನ ಬದಲಾವಣೆಯಿಲ್ಲದೆ ಮಾರಾಟವಾಯಿತು. ಇದರ ಎಂಜಿನ್ ಅಕ್ಕಪಕ್ಕ ನಿಂತ ಎರಡು ಸಿಲಿಂಡರ್‌ಗಳ, ನೀರಿನಿಂದ ತಣಿಯುವ, 347 ಸಿ.ಸಿ. ಸಾಮರ್ಥ್ಯದ ಎರಡು ಸ್ಟ್ರೋಕ್ ಎಂಜಿನ್. ಸಿಲಿಂಡರ್‌ನ ವ್ಯಾಸ 64 ಮಿ.ಮೀ., ಪಿಸ್ಟನ್ ಚಲಿಸುವ ದೂರ 54 ಮಿ.ಮೀ. ಈ ಎರಡು ಅಂಕಿಗಳು ಕರ್ನಾಟಕದ ಹಳೆಯ ಬೈಕ್ ಪ್ರಿಯರಿಗೆ ಪರಿಚಿತವೆನಿಸಿದರೆ ಅಚ್ಚರಿಯಿಲ್ಲ. ಎಸ್ಕಾರ್ಟ್ಸ್ ಕಂಪನಿಯು ಯಮಹಾ ತಂತ್ರಜ್ಞಾನದೊಂದಿಗೆ 1980ರ ದಶಕದಲ್ಲಿ ತಯಾರಿಸಿದ ರಾಜದೂತ್ 350ರ ಅಳತೆಯೂ ಇದೇ. ರಾಜದೂತ್ ಗಾಳಿಯಿಂದ ತಣಿಯುವ ಹಿರಿಯಣ್ಣ. ಬ್ಯಾನ್‌ಶೀ ನೀರಿನಿಂದ ತಣಿಯುವ ಆರ್‌ಡಿ ವಂಶದ ತಂಗಿ. ಇಲ್ಲಿ ‘ರ್‍ಯಾಪಿಡ್ ಡೆತ್’ ಎಂಬ ಅಡ್ಡಹೆಸರು ಪಡೆದದ್ದು, ಅಲ್ಲಿ ಗೋಳಿಡುವ ಪ್ರೇತದ ಹೆಸರು ಹೊತ್ತುಕೊಂಡಿತು ಎಂಬುದು ಕಾಕತಾಳೀಯವಿರಬಹುದು.

ಈ ಎಂಜಿನ್‌ನಿಂದ ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚಿನ ಶಕ್ತಿ ಪಡೆಯುವುದು ಹೇಗೆ, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬ ಪ್ರಶ್ನೆ ಅಮೆರಿಕದ ಮರಳುಗಾಡಿಗೆ ಸೀಮಿತವಲ್ಲ. ಆರ್‌ಎಕ್ಸ್ 100, ಯೆಜ್ಡಿ, ರಾಜದೂತ್‌ಗಳನ್ನು ಇಂದಿಗೂ ಸಾಕುತ್ತಿರುವ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಗ್ಯಾರೇಜುಗಳಲ್ಲೂ ಅದೇ ಭೌತಶಾಸ್ತ್ರ ಕೆಲಸ ಮಾಡುತ್ತದೆ.

ಕವಾಟವಿಲ್ಲದ ಎಂಜಿನ್

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ಇಂಧನ ಉರಿಯುತ್ತದೆ. ಎರಡು ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಹಾಗೆಂದು ಶಕ್ತಿ ದುಪ್ಪಟ್ಟಾಗುವುದಿಲ್ಲ. ಸಿಲಿಂಡರ್ ಗೋಡೆಯಲ್ಲಿ ಕೊರೆದ ಕಿಂಡಿಗಳೇ ಇಲ್ಲಿ ಬಾಗಿಲುಗಳು, ಪಿಸ್ಟನ್‌ನೇ ಬಾಗಿಲು ತೆರೆದು ಮುಚ್ಚುವ ಆಳು. ಪಿಸ್ಟನ್ ಕೆಳಗಿಳಿಯುವಾಗ ಮೊದಲು ಹೊಗೆ ಹೋಗುವ ಕಿಂಡಿ ತೆರೆಯುತ್ತದೆ, ನಂತರ ಹೊಸ ಮಿಶ್ರಣ ಬರುವ ಕಿಂಡಿಗಳು ತೆರೆಯುತ್ತವೆ. ಮೇಲೇರುವಾಗ ಕ್ರಮ ತಿರುವುಮುರುವಾಗುತ್ತದೆ: ಹೊಸ ಮಿಶ್ರಣದ ಕಿಂಡಿ ಮೊದಲು ಮುಚ್ಚಿ, ಹೊಗೆಯ ಕಿಂಡಿ ಕೊನೆಗೆ ಮುಚ್ಚುತ್ತದೆ. ಅಂದರೆ ಮನೆಯೊಳಗೆ ಅತಿಥಿ ಬಂದಾದ ಮೇಲೂ ಹಿಂಬಾಗಿಲು ತೆರೆದೇ ಇರುತ್ತದೆ. ಸಾಧಾರಣ ಸೈಲೆನ್ಸರ್ ಇದ್ದಾಗ ಹೊಸ ಇಂಧನದ ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಉರಿಯದೆಯೇ ಆ ಬಾಗಿಲಿನಿಂದ ಹೊರಹೋಗುತ್ತದೆ. ಎರಡು ಸ್ಟ್ರೋಕ್ ವಾಹನಗಳು ಪರಿಸರ ನಿಯಮಗಳ ಮುಂದೆ ಸೋತು ಕಣ್ಮರೆಯಾದದ್ದಕ್ಕೂ ಮುಖ್ಯ ಕಾರಣ ಇದೇ.

ಈ ಸೋರಿಕೆಯನ್ನು ಯಾವುದೇ ಚಲಿಸುವ ಭಾಗವಿಲ್ಲದೆ ತಡೆಯುವ ಉಪಾಯವೇ ‘ಎಕ್ಸ್‌ಪಾನ್ಷನ್ ಚೇಂಬರ್’. ನಡುವೆ ಉಬ್ಬಿ ಎರಡೂ ತುದಿಯಲ್ಲಿ ಕಿರಿದಾಗುವ, ಹೆಬ್ಬಾವು ಮೇಕೆ ನುಂಗಿದಂತೆ ಕಾಣುವ ಆ ಪೈಪನ್ನು ಶಾಸ್ತ್ರೀಯವಾಗಿ ಪಳಗಿಸಿದ ಕೀರ್ತಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ಅವರಿಗೆ ಸಲ್ಲುತ್ತದೆ. 1961ರ ವೇಳೆಗೆ ಅವರ 125 ಸಿ.ಸಿ. ರೇಸಿಂಗ್ ಎಂಜಿನ್ ಸುಮಾರು 25 ಅಶ್ವಶಕ್ತಿ, ಎಂದರೆ ಲೀಟರಿಗೆ 200 ಅಶ್ವಶಕ್ತಿ ನೀಡುತ್ತಿತ್ತು. ಅದೇ ವರ್ಷ ಸ್ವೀಡನ್ ರೇಸಿನ ಸಂದರ್ಭದಲ್ಲಿ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ ಸುಜುಕಿ ಕಂಪನಿ ಸೇರಿದರು. ಮರುವರ್ಷ, 1962ರಲ್ಲಿ, ಸುಜುಕಿಗೆ 50 ಸಿ.ಸಿ. ವಿಶ್ವ ಪ್ರಶಸ್ತಿ ದೊರೆಯಿತು, ಗೆದ್ದವರು ಡೆಗ್ನರ್. ಶೀತಲ ಸಮರದ ಗೂಢಚರ್ಯೆಯ ಕಥೆಗಳಲ್ಲಿ ಕ್ಷಿಪಣಿಗಳ ಪಕ್ಕದಲ್ಲಿ ಒಂದು ಸೈಲೆನ್ಸರಿಗೂ ಸ್ಥಾನವಿದೆ.

ಪೈಪಿನ ಉದ್ದ ಹೇಳುವ ಲೆಕ್ಕ

ಹೊಗೆಯ ಕಿಂಡಿ ತೆರೆದೊಡನೆ ಒತ್ತಡದ ಅಲೆಯೊಂದು ಪೈಪಿನಲ್ಲಿ ಶಬ್ದದ ವೇಗದಲ್ಲಿ ಓಡುತ್ತದೆ. ಪೈಪು ಅಗಲವಾಗುವ ಜಾಗಕ್ಕೆ ಬಂದಾಗ ಅದರ ಒಂದು ಭಾಗ ನಿರ್ವಾತದ ಅಲೆಯಾಗಿ ಹಿಂದಿರುಗಿ, ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನೂ ಜೊತೆಗೆ ಸ್ವಲ್ಪ ಹೊಸ ಮಿಶ್ರಣವನ್ನೂ ಎಳೆದುಕೊಳ್ಳುತ್ತದೆ. ಮುಂದೆ ಸಾಗಿದ ಅಲೆ ಪೈಪು ಮತ್ತೆ ಕಿರಿದಾಗುವಲ್ಲಿ ಗೋಡೆಗೆ ಬಡಿದಂತೆ ಬಡಿದು, ಈ ಬಾರಿ ಒತ್ತಡದ ಅಲೆಯಾಗಿಯೇ ಹಿಂತಿರುಗುತ್ತದೆ. ಅದು ಕಿಂಡಿ ಮುಚ್ಚುವ ಮುನ್ನಾ ಕ್ಷಣದಲ್ಲಿ ತಲುಪಿದರೆ, ಹೊರಬಂದಿದ್ದ ಹೊಸ ಮಿಶ್ರಣವನ್ನೆಲ್ಲ ಮರಳಿ ಸಿಲಿಂಡರ್‌ಗೆ ತುರುಕುತ್ತದೆ. ಟರ್ಬೊ ಇಲ್ಲದೆಯೇ ಟರ್ಬೊ ಮಾಡುವ ಕೆಲಸ.

ಎಲ್ಲ ಗುಟ್ಟೂ ಆ ಅಲೆ ಬರುವ ಸಮಯದಲ್ಲಿದೆ. ಹೊಗೆಯ ಕಿಂಡಿ ಕ್ರ್ಯಾಂಕ್‌ನ 190 ಡಿಗ್ರಿಗಳಷ್ಟು ಅವಧಿ ತೆರೆದಿರುತ್ತದೆ ಎಂದುಕೊಳ್ಳೋಣ. ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗುವಾಗ ಆ ಅವಧಿ ಸೆಕೆಂಡಿನ ಸಾವಿರದ ಮೂರೂವರೆ ಭಾಗ ಮಾತ್ರ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 520 ಮೀಟರ್. ಅಷ್ಟರಲ್ಲಿ ಅಲೆ 1.83 ಮೀಟರ್ ಓಡುತ್ತದೆ. ಹೋಗಿ ಬರಬೇಕಾದ್ದರಿಂದ ಪೈಪಿನ ಪರಿಣಾಮಕಾರಿ ಉದ್ದ ಅದರ ಅರ್ಧ, ಸುಮಾರು 91 ಸೆಂ.ಮೀ. ಇರಬೇಕು. ಇದೇ ಲೆಕ್ಕವನ್ನು 7,000 ಸುತ್ತಿಗೆ ಮಾಡಿದರೆ ಉದ್ದ 118 ಸೆಂ.ಮೀ.ಗೆ ಏರುತ್ತದೆ, 10,000 ಸುತ್ತಿಗೆ 82 ಸೆಂ.ಮೀ.ಗೆ ಇಳಿಯುತ್ತದೆ. ಅಮೆರಿಕದ ಗಾರ್ಡನ್ ಜೆನ್ನಿಂಗ್ಸ್ 1970ರ ದಶಕದಲ್ಲಿ ಬರೆದ ಕೈಪಿಡಿಯಿಂದ ಗ್ಯಾರೇಜುಗಳಿಗೆ ಇಳಿದ ಸೂತ್ರ ಇದು. ಇಂದು ಕಂಪ್ಯೂಟರ್‌ಗಳು ಇದಕ್ಕಿಂತ ಸೂಕ್ಷ್ಮವಾಗಿ ಲೆಕ್ಕ ಹಾಕುತ್ತವೆಯಾದರೂ ಮೊದಲ ಅಂದಾಜಿಗೆ ಇದು ಸಾಕು.

ಈ ಲೆಕ್ಕದಿಂದ ಹೊರಡುವ ಕಹಿ ಸತ್ಯವೆಂದರೆ, ಯಾವ ಪೈಪೂ ಎಲ್ಲ ವೇಗಕ್ಕೂ ಒಗ್ಗುವುದಿಲ್ಲ. ಗಿಡ್ಡ ಪೈಪು ಹಾಕಿದ ಎಂಜಿನ್ ಕಡಿಮೆ ವೇಗದಲ್ಲಿ ಕೆಮ್ಮುತ್ತದೆ, ಏಕೆಂದರೆ ಅಲೆ ಬೇಗನೆ ಬಂದು ಕಿಂಡಿ ಇನ್ನೂ ತೆರೆದಿರುವಾಗಲೇ ಕೆಲಸ ಮುಗಿಸಿರುತ್ತದೆ. ನಂತರ ಒಂದು ಹಂತದಲ್ಲಿ ಎಲ್ಲವೂ ಕೂಡಿಬಂದು, ಸವಾರನನ್ನು ಹಿಂದಕ್ಕೆ ಎಸೆಯುವಂತೆ ಶಕ್ತಿ ಒಮ್ಮೆಲೇ ಏರುತ್ತದೆ. ಮರಳುದಿಬ್ಬದ ನೇರ ಏರಿಗೆ ಇದು ಸೊಗಸು. ಕಾಡಿನ ತಿರುವುಗಳಲ್ಲಿ, ಕೆಸರಿನಲ್ಲಿ ಇದೇ ಗುಣ ಸಂಕಟ. ‘ಅತಿ ಹೆಚ್ಚು ಅಶ್ವಶಕ್ತಿ’ಯ ಜಾಹೀರಾತು ನೋಡಿ ಪೈಪು ಕೊಳ್ಳುವವರು ಯಾವ ವೇಗದಲ್ಲಿ ಆ ಶಕ್ತಿ ಎಂದು ಕೇಳುವುದೇ ಅಪರೂಪ.

ಅರದ ಒಂದು ಮಿಲಿಮೀಟರ್

ಪೈಪಿನ ನಂತರದ ಹೆಜ್ಜೆ ಪೋರ್ಟಿಂಗ್, ಅಂದರೆ ಸಿಲಿಂಡರ್‌ನ ಕಿಂಡಿಗಳನ್ನು ಕೊರೆದು ಹಿಗ್ಗಿಸುವುದು. 54 ಮಿ.ಮೀ. ಚಲನೆಯ ಈ ಎಂಜಿನ್‌ನಲ್ಲಿ ಹೊಗೆಯ ಕಿಂಡಿಯ ಮೇಲಂಚನ್ನು ಕೇವಲ 1 ಮಿ.ಮೀ. ಎತ್ತರಿಸಿದರೆ, ಅದು ತೆರೆದಿರುವ ಅವಧಿ ಸುಮಾರು 4 ಡಿಗ್ರಿಯಷ್ಟು ಹೆಚ್ಚುತ್ತದೆ. ಹೆಚ್ಚಿನ ವೇಗದಲ್ಲಿ ಹೊಗೆ ಹೊರಹೋಗಲು ಸಮಯ ಸಿಗುತ್ತದೆ. ಕಡಿಮೆ ವೇಗದಲ್ಲಿ ಎಳೆಯುವ ಬಲ ಕುಗ್ಗುತ್ತದೆ. ಕೊರೆದ ಲೋಹವನ್ನು ಮರಳಿ ಅಂಟಿಸಲಾಗದು. ಕಿಂಡಿಯ ಅಗಲ ಮಿತಿ ಮೀರಿದರೆ ಪಿಸ್ಟನ್ ರಿಂಗ್ ಹೊರಕ್ಕೆ ಉಬ್ಬಿ ಕಿಂಡಿಯ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಅಂಚುಗಳನ್ನು ನಯಗೊಳಿಸದೆ ಬಿಟ್ಟರೂ ಅದೇ ಗತಿ. ಬೀದಿ ಬದಿಯ ಗ್ಯಾರೇಜಿನಲ್ಲಿ ಅಳತೆಯಿಲ್ಲದೆ ‘ಪೋರ್ಟ್ ಮಾಡಿಸಿದ’ ಅದೆಷ್ಟೋ ಆರ್‌ಎಕ್ಸ್ 100 ಸಿಲಿಂಡರ್‌ಗಳು ಗುಜರಿ ಸೇರಿರುವುದು ಈ ಕಾರಣಕ್ಕೇ.

ಸಾಮರ್ಥ್ಯವನ್ನೇ ಹೆಚ್ಚಿಸುವ ದಾರಿಯೂ ಇದೆ. ಕ್ರ್ಯಾಂಕ್ ಬದಲಿಸಿ ಚಲನೆಯನ್ನು 54ರಿಂದ 58 ಮಿ.ಮೀ.ಗೆ ಏರಿಸಿದರೆ 347 ಸಿ.ಸಿ. ಎಂಜಿನ್ 373 ಸಿ.ಸಿ. ಆಗುತ್ತದೆ. ಜೊತೆಗೆ 68 ಮಿ.ಮೀ. ವ್ಯಾಸದ ಹೊಸ ಸಿಲಿಂಡರ್‌ಗಳನ್ನೂ ಕೂರಿಸಿದರೆ 421 ಸಿ.ಸಿ. ಬ್ಯಾನ್‌ಶೀ ಲೋಕದಲ್ಲಿ ಈ 421 ಎಂಬುದು ಬಹಳ ಪ್ರಸಿದ್ಧ ಅಂಕಿ. ಖರ್ಚೂ ಅದಕ್ಕೆ ತಕ್ಕಂತೆಯೇ ಇದೆ. ಕ್ರ್ಯಾಂಕ್, ಸಿಲಿಂಡರ್, ಪಿಸ್ಟನ್, ಹೆಡ್, ಪೈಪು, ಕಾರ್ಬ್ಯುರೇಟರ್ ಎಲ್ಲವೂ ಬದಲಾದ ಮೇಲೆ ಹಳೆಯ ಎಂಜಿನ್‌ನದೆಂದು ಉಳಿಯುವುದು ಹೊರಕವಚ ಮತ್ತು ಗೇರುಗಳು ಮಾತ್ರ. ರೀಡ್ ವಾಲ್ವ್ ಬದಲಿಸುವುದು, ಕಿಡಿಯ ಸಮಯವನ್ನು ಕೆಲವು ಡಿಗ್ರಿ ಮುಂಚಿತಗೊಳಿಸುವುದು ಇತ್ಯಾದಿ ಚಿಲ್ಲರೆ ಸುಧಾರಣೆಗಳ ಲಾಭವೂ ಚಿಲ್ಲರೆಯೇ.

ಹೆಡ್ ಕೆತ್ತಿ ಒತ್ತಡದ ಪ್ರಮಾಣ ಏರಿಸುವವರು ಪೆಟ್ರೋಲಿನ ಆಕ್ಟೇನ್ ಮರೆಯುವಂತಿಲ್ಲ. ಒತ್ತಡ ಮಿತಿ ಮೀರಿದಾಗ ಮಿಶ್ರಣ ಜ್ವಾಲೆ ತಲುಪುವವರೆಗೆ ಕಾಯದೆ ತಾನಾಗಿ ಸ್ಫೋಟಿಸುತ್ತದೆ. ಪಿಸ್ಟನ್ ತಲೆಯ ಅಂಚಿನಲ್ಲಿ ಇಲಿ ಕಡಿದಂಥ ಗುರುತು ಕಂಡರೆ ಅದು ಅದರದೇ ಹೆಜ್ಜೆ.

ಪಿಸ್ಟನ್ ಹಿಡಿದುಕೊಳ್ಳುವುದೇಕೆ?

ಶಕ್ತಿ ಹೆಚ್ಚಿಸಿಕೊಂಡ ಎರಡು ಸ್ಟ್ರೋಕ್ ಎಂಜಿನ್‌ಗಳ ಅತಿ ದೊಡ್ಡ ಶತ್ರು ಇರುವುದು ಕಾರ್ಬ್ಯುರೇಟರಿನ ಹಿತ್ತಾಳೆಯ ಪುಟ್ಟ ಜೆಟ್‌ನಲ್ಲಿ. ಹೊಸ ಪೈಪು ಮತ್ತು ತೆರೆದ ಏರ್ ಫಿಲ್ಟರ್ ಹಾಕಿದಾಗ ಎಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ. ಅದಕ್ಕೆ ತಕ್ಕಂತೆ ದೊಡ್ಡ ಜೆಟ್ ಹಾಕದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಉರಿ ವಿಪರೀತ ಬಿಸಿಯಾಗುತ್ತದೆ. ಎರಡು ಸ್ಟ್ರೋಕ್‌ನಲ್ಲಿ ಪೆಟ್ರೋಲಿನ ಜೊತೆಯಲ್ಲಿಯೇ ಎಣ್ಣೆ ಬರುವುದರಿಂದ, ಪೆಟ್ರೋಲ್ ಕಡಿಮೆಯಾಯಿತೆಂದರೆ ಎಣ್ಣೆಯೂ ಕಡಿಮೆಯಾಯಿತು. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಹಿಗ್ಗುವ ಪ್ರಮಾಣ ಬೀಡುಕಬ್ಬಿಣದ ಸಿಲಿಂಡರಿನ ಸುಮಾರು ಎರಡು ಪಟ್ಟು. ನಡುವಿನ ಅಂತರವೋ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಆ ಅಂತರ ಮುಗಿದ ಕ್ಷಣ ಪಿಸ್ಟನ್ ಗೋಡೆಯನ್ನು ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ನಿಂತುಹೋಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೀಗಾದರೆ ಸವಾರನಿಗೆ ಉಳಿಯುವುದು ಕ್ಲಚ್ ಹಿಡಿಯಲು ಬೇಕಾದ ಅರೆಕ್ಷಣ ಮಾತ್ರ. ಹಳೆಯ ಎರಡು ಸ್ಟ್ರೋಕ್ ಸವಾರರು ಎರಡು ಬೆರಳು ಸದಾ ಕ್ಲಚ್ ಮೇಲಿಟ್ಟಿರುತ್ತಿದ್ದುದು ಶೋಕಿಗಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಎಂಜಿನ್ ಸುರಕ್ಷಿತವಾಗಿರಲೆಂದು ಅನೇಕರು ಪೆಟ್ರೋಲಿಗೆ ಹೆಚ್ಚು ಎಣ್ಣೆ ಬೆರೆಸುತ್ತಾರೆ. ಬ್ಯಾನ್‌ಶೀ ಮಾಲೀಕರಲ್ಲಿ ಸಾಮಾನ್ಯವಾಗಿರುವ 32ಕ್ಕೆ 1 ಎಂಬ ಅನುಪಾತವೆಂದರೆ ಲೀಟರಿಗೆ ಸುಮಾರು 31 ಮಿ.ಲೀ. ಎಣ್ಣೆ. ಜೆಟ್ ಬದಲಿಸದೆ ಎಣ್ಣೆ ಮಾತ್ರ ಹೆಚ್ಚಿಸಿದರೆ, ಅದೇ ರಂಧ್ರದ ಮೂಲಕ ಹಾದುಹೋಗುವ ದ್ರವದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಕಾಪಾಡಲೆಂದು ಸುರಿದ ಎಣ್ಣೆಯೇ ಮಿಶ್ರಣವನ್ನು ತೆಳುವಾಗಿಸುತ್ತದೆ.

ಕರ್ನಾಟಕದ ಭೂಗೋಳ ಈ ಲೆಕ್ಕಕ್ಕೆ ಇನ್ನೊಂದು ತೊಡಕು ಸೇರಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಮಂಗಳೂರಿನದಕ್ಕಿಂತ ಶೇ 8ರಿಂದ 9ರಷ್ಟು ತೆಳು. ಬೆಂಗಳೂರಿನ ಗಾಳಿಗೆ ಅಂಚಿನಲ್ಲಿ ಹೊಂದಿಸಿದ ಜೆಟ್, ಕರಾವಳಿಯ ದಟ್ಟ ಗಾಳಿಗೆ ಸಾಲದೆ ಬರುತ್ತದೆ. ದಾರಿಯಲ್ಲಿ ಶಿರಾಡಿ ಘಾಟಿಯ ದೀರ್ಘ ಇಳಿಜಾರಿದೆ. ಗೇರಿನಲ್ಲಿಯೇ ಥ್ರಾಟಲ್ ಪೂರ್ಣ ಮುಚ್ಚಿ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಿದ್ದರೂ ಅದಕ್ಕೆ ಎಣ್ಣೆ ಹೋಗುವುದು ಹನಿಯಷ್ಟು ಮಾತ್ರ. ಇಳಿಜಾರಿನಲ್ಲಿ ಆಗಾಗ ಥ್ರಾಟಲ್ ತೆರೆದು ಎಂಜಿನ್‌ಗೆ ‘ನೀರು ಕುಡಿಸುವ’ ಹಳಬರ ಅಭ್ಯಾಸಕ್ಕೆ ಗಟ್ಟಿ ಆಧಾರವಿದೆ.

ಪೆಟ್ರೋಲೂ ಬದಲಾಗಿದೆ. 2025ರ ವೇಳೆಗೆ ದೇಶದ ಬಂಕ್‌ಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಇಂಧನವೇ ಸಾಮಾನ್ಯವಾಯಿತು. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ಣ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲ್‌ಗೆ 9 ಕಿಲೋ ಸಾಕು. ಶೇ 20ರ ಮಿಶ್ರಣಕ್ಕೆ ಇದು ಸುಮಾರು 13.5 ಕಿಲೋ ಆಗುತ್ತದೆ. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಇಂದಿನ ಕಾರು, ಬೈಕುಗಳ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. 1990ರ ಕಾರ್ಬ್ಯುರೇಟರ್‌ಗೆ ಅಂತಹ ಬುದ್ಧಿಯಿಲ್ಲ. ಹಳೆಯ ಜೆಟ್ ಈಗ ಚಿಕ್ಕದಾಗಿರುತ್ತದೆ. ಎಥೆನಾಲ್ ನೀರನ್ನು ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳಕ್ಕಿಳಿಯುವ ಸಾಧ್ಯತೆಯೂ ಇದೆ. ಮೊದಲು ಕಾರ್ಬ್ಯುರೇಟರ್ ಸೇರುವುದು ಆ ತಳದ ಭಾಗವೇ.

ಜೆಟ್ ಸರಿಯಿದ್ದೂ ಎಂಜಿನ್ ಹಿಡಿದುಕೊಂಡರೆ ಅನುಮಾನಿಸಬೇಕಾದದ್ದು ಗಾಳಿಯ ಸೋರಿಕೆಯನ್ನು. ಕ್ರ್ಯಾಂಕ್‌ನ ಎರಡು ತುದಿಯ ರಬ್ಬರ್ ಸೀಲ್‌ಗಳು ಹಳತಾಗಿ ಬಿರುಕು ಬಿಟ್ಟಾಗ ಅಲ್ಲಿಂದ ಎಂಜಿನ್ ಕಳ್ಳಗಾಳಿ ಎಳೆದುಕೊಳ್ಳುತ್ತದೆ. ಇದನ್ನು ಪತ್ತೆ ಹಚ್ಚುವ ವಿಧಾನ ಸರಳ. ಕಾರ್ಬ್ಯುರೇಟರ್ ಮತ್ತು ಸೈಲೆನ್ಸರ್ ಜಾಗಗಳನ್ನು ಮುಚ್ಚಿ, ಒಳಗೆ 6 ಪಿಎಸ್‌ಐ ಒತ್ತಡ ತುಂಬಿ, 6 ನಿಮಿಷ ಕಾಯುವುದು. ಮಾಪಕದ ಮುಳ್ಳು ಕೆಳಗಿಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕುವುದು. ಕೆಲವು ನೂರು ರೂಪಾಯಿಯ ಸಾಮಗ್ರಿಯಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಬಿಟ್ಟು ಸಾವಿರಾರು ರೂಪಾಯಿಯ ಪಿಸ್ಟನ್‌ಗಳನ್ನು ಒಂದರ ಮೇಲೊಂದು ಬದಲಿಸುವವರೇ ಹೆಚ್ಚು.

ಕಿತ್ತು ಬಿಸಾಡುವ ಭಾಗ

ಬ್ಯಾನ್‌ಶೀಯಲ್ಲಿ ಯಮಹಾ ಒಂದು ಸುರಕ್ಷತಾ ವ್ಯವಸ್ಥೆ ಅಳವಡಿಸಿತ್ತು. ಸವಾರ ಥ್ರಾಟಲ್ ಬಿಟ್ಟರೂ ಕಾರ್ಬ್ಯುರೇಟರಿನ ಒಳಭಾಗ ಸಿಕ್ಕಿಕೊಂಡು ಮುಚ್ಚದಿದ್ದರೆ, ಅದು ಎಂಜಿನ್‌ನ ವೇಗವನ್ನು ತಾನಾಗಿ ತಗ್ಗಿಸುತ್ತದೆ. ಹಳತಾದ ಮೇಲೆ ಇದರ ಸ್ವಿಚ್‌ಗಳು ಕೈಕೊಟ್ಟು, ಸುಮ್ಮನೆ ಎಂಜಿನ್ ಕೆಮ್ಮುವಂತೆ ಮಾಡುತ್ತವೆ. ಹೀಗಾಗಿ ಶಕ್ತಿ ಹೆಚ್ಚಿಸ ಹೊರಟ ಬಹುತೇಕರು ಮೊದಲು ಕಿತ್ತು ಬಿಸಾಡುವುದು ಇದನ್ನೇ. ಎಂಜಿನ್ ಶಕ್ತಿ ಹೆಚ್ಚಿದ ಮೇಲೆ ಆ ವ್ಯವಸ್ಥೆಯ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮರಳು ಹೊಕ್ಕು ಥ್ರಾಟಲ್ ಸಿಕ್ಕಿಕೊಂಡಾಗ ಎಂಜಿನ್ ನಿಲ್ಲಿಸುವ, ಮಣಿಕಟ್ಟಿಗೆ ಕಟ್ಟುವ ದಾರದ ಸ್ವಿಚ್ಚನ್ನಾದರೂ ಅದರ ಬದಲಿಗೆ ಅಳವಡಿಸಬೇಕು.

ಎಟಿವಿಗಳ ಇತಿಹಾಸವೇ ಅಪಘಾತಗಳೊಂದಿಗೆ ಹೆಣೆದುಕೊಂಡಿದೆ. ಮೂರು ಚಕ್ರದ ಎಟಿವಿಗಳು ಪಲ್ಟಿಯಾಗಿ ಸಾವುನೋವುಗಳು ಏರಿದ ಕಾರಣ, 1988ರಲ್ಲಿ ಅಮೆರಿಕ ಸರ್ಕಾರದೊಂದಿಗಿನ ಒಪ್ಪಂದದಂತೆ ಪ್ರಮುಖ ತಯಾರಕರು ಅವುಗಳ ಮಾರಾಟ ನಿಲ್ಲಿಸಿದರು. ನಾಲ್ಕು ಚಕ್ರದವು ಉಳಿದುಕೊಂಡವು. ಆದರೂ ಅಲ್ಲಿ ಪ್ರತಿ ವರ್ಷ ನೂರಾರು ಮಂದಿ ಇಂತಹ ವಾಹನಗಳ ಅಪಘಾತದಲ್ಲಿ ಪ್ರಾಣ ಕಳೆದುಕೊಳ್ಳುತ್ತಾರೆ. ಅದಕ್ಕಾಗಿಯೇ ಅನುಭವಿ ಮೆಕ್ಯಾನಿಕ್‌ಗಳು ಹಣವಿದ್ದರೆ ಮೊದಲು ಬ್ರೇಕ್, ಸಸ್ಪೆನ್ಷನ್, ಚಕ್ರಗಳ ನಡುವಿನ ಅಗಲ ನೋಡಿ ಎನ್ನುತ್ತಾರೆ. ದಿಬ್ಬ ಹತ್ತುವವರು ಮುಂಭಾಗ ಎದ್ದು ಹಿಂದಕ್ಕೆ ಮಗುಚದಿರಲೆಂದು ಹಿಂಬದಿಯ ಸ್ವಿಂಗ್‌ಆರ್ಮ್ ಉದ್ದ ಮಾಡಿಸಿಕೊಳ್ಳುವುದೂ ಉಂಟು.

ಕಾನೂನಿನ ಮಾತು

ಬ್ಯಾನ್‌ಶೀ ಅಮೆರಿಕದ ಮರಳಿನಲ್ಲಿ ಓಡುವಷ್ಟು ಮುಕ್ತವಾಗಿ ಬೆಂಗಳೂರಿನ ರಸ್ತೆಯಲ್ಲಿ ಮಾರ್ಪಡಿಸಿದ ಆರ್‌ಎಕ್ಸ್ 100 ಓಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದಕ್ಕೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡು ಮಾಡಿಸಿದ ಮಾಲೀಕನಿಗೆ 6 ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ಪೈಪು ಒಂದು ಮಾರ್ಪಾಡು, ದೊಡ್ಡ ಸಿಲಿಂಡರ್ ಇನ್ನೊಂದು.

ಖಾಸಗಿ ಜಮೀನು, ತೋಟ ಮತ್ತು ಸ್ಪರ್ಧೆಯ ಟ್ರ್ಯಾಕ್‌ಗಳ ಮಾತು ಬೇರೆ. ಮನರಂಜನೆಗೆ ಬಳಸುವ ಸಾಮಾನ್ಯ ಎಟಿವಿಗಳಿಗೆ ಇಲ್ಲಿ ರಸ್ತೆ ನೋಂದಣಿ ಸಿಗುವುದಿಲ್ಲ. ಹಾಗಾಗಿ ಅವು ಹೋಗಬೇಕಾದ ಜಾಗಕ್ಕೆ ಟ್ರೈಲರ್ ಮೇಲೆಯೇ ಹೋಗಬೇಕು. ಟ್ರ್ಯಾಕ್‌ಗೆಂದೇ ಎಂಜಿನ್ ಕಟ್ಟಿಸುವವರು ಪಾಲಿಸುವ ಕ್ರಮ ಹೀಗಿದೆ: ಮೊದಲು ಸೀಲ್, ಬೇರಿಂಗ್‌ಗಳ ಪರೀಕ್ಷೆ, ನಂತರ ಪೈಪು, ಅದರ ಹಿಂದೆಯೇ ಬೇಕೆಂದೇ ಒಂದೆರಡು ಅಳತೆ ದೊಡ್ಡದಾದ ಜೆಟ್. ಪೂರ್ಣ ಥ್ರಾಟಲ್‌ನಲ್ಲಿ ಒಂದು ಓಟ ಓಡಿಸಿ, ಅಲ್ಲಿಯೇ ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತಾರೆ. ಒದ್ದೆ ಕಪ್ಪು ಇದ್ದರೆ ಜೆಟ್ ಒಂದು ಅಳತೆ ಕಿರಿದು ಮಾಡುತ್ತಾರೆ. ಬೂದು ಬಿಳುಪು ಕಂಡರೆ, ಆ ದಿನ ಮತ್ತೆ ಕಿಕ್ ಹೊಡೆಯುವುದು ದೊಡ್ಡ ಜೆಟ್ ಹಾಕಿದ ನಂತರವೇ.